ಅಂಗವಿಕಲರ ಮನೆಗಳೂ ನಮ್ಮ ಸುಶಿಕ್ಷಿತರ ಭಾಷೆಯೂ

ಕೆಲವು ತಿಂಗಳುಗಳ ಹಿಂದೆ ನಮ್ಮ ಸಂಘದ ಸಭೆಯೊಂದು ಮುಗಿದು, ಚಹದ ಹೊತ್ತಿಗೆ ಹತ್ತಾರು ಜನ ಕೂಡಿ ಮಾತಾಡುತ್ತಿದ್ದಾಗ, ಹಿರಿಯ ಸದಸ್ಯರೊಬ್ಬರು ಒಂದು ಮಾತನ್ನು ಆಡಿದರು. ಅಂಗವಿಕಲ ಮಕ್ಕಳ ತಪಾಸಣೆಯ ಶಿಬಿರವೊಂದಕ್ಕೆ ಹಳ್ಳಿಗಳಿಂದ ಜನರು ನಿರೀಕ್ಷಿಸಿದಷ್ಟು ಬರಲಿಲ್ಲವೆಂಬ ಪ್ರಸ್ತಾಪ ನಡೆದಿತ್ತು. “ಸರಕಾರವು ಎಲ್ಲವನ್ನೂ ಕೊಡುತ್ತದೆ, ಕಾಯಿದೆಯಿದೆ, ಕಾರ್ಡಿದೆ, ಮಾಸಾಶನವಿದೆ. ಆದರೆ ಈ ಜನ ದರ್ಗಾಕ್ಕೆ ಹೋಗುವರು, ಗುಡಿಗೆ ಹೋಗುವರು, ತಾಯಿತ ಕಟ್ಟಿಸುವರು. ದವಾಖಾನೆಗೆ ಮಾತ್ರ ಬರುವದಿಲ್ಲ. ಅವರ ಸಂಸ್ಕೃತಿಯೇ ಹಾಗೆ. ಯಾರೇನು ಮಾಡಲಿಕ್ಕಾದೀತು?” ಎಂದು ಅವರು ಹೇಳಲು, ಕೂಡಿದವರೆಲ್ಲರೂ ತಲೆದೂಗಿದರು. ನಾನೂ ತಲೆದೂಗಿದೆನೆಂಬದನ್ನು ಮೊದಲೇ ಒಪ್ಪಿಕೊಂಡು ಈ ಲೇಖನಕ್ಕೆ ಕೈ ಹಚ್ಚಿದ್ದೇನೆ. ಮನೆಗೆ ಬಂದ ಮೇಲೆ ಆ ತಲೆದೂಗಿಕೆಯು ನನಗೆ ನಾಚಿಕೆಯನ್ನು ತಂದಿತು. ಆ ನಾಚಿಕೆಯ ಕಾರಣವನ್ನು ವಾಚಕರ ಮುಂದಿಡುವದೇ ಈ ಬರಹದ ಉದ್ದೇಶವು.

ಆ ಹಿರಿಯರ ಮಾತು ಪೂರ್ತಿ ಸುಳ್ಳೆಂದು ನಾನು ಹೇಳುವದಿಲ್ಲ. ಕಾಯಿದೆ ಇದೆಯೆಂಬದು ನಿಜ. 1995ರ ಕಾಯಿದೆಯು ಅಂಗವಿಕಲತೆಯ ಏಳು ಬಗೆಗಳನ್ನು ಮಾತ್ರ ಎಣಿಸಿತ್ತು. 2017ರ ಏಪ್ರಿಲ್ 19ರಿಂದ ಜಾರಿಗೆ ಬಂದ 2016ರ ಕಾಯಿದೆಯು ಇಪ್ಪತ್ತೊಂದನ್ನು ಎಣಿಸುತ್ತದೆ. ನೂರಕ್ಕೆ ನಾಲ್ವತ್ತರಷ್ಟು ಊನವಿದ್ದವರಿಗೆ ಪ್ರಮಾಣಪತ್ರ, ಅದರ ಮೇಲಿಂದ ಶಿಕ್ಷಣ, ನೌಕರಿ, ಮಾಸಾಶನಗಳಲ್ಲಿ ಸೌಕರ್ಯಗಳು—ಇವೆಲ್ಲವೂ ಕಾಗದದ ಮೇಲೆ ಇವೆ. ಜನರು ಮೊದಲು ದೇವರ ಬಾಗಿಲಿಗೆ ಹೋಗುವದೂ ನಿಜ. ಆದರೆ ಈ ಎರಡು ಸತ್ಯಗಳ ನಡುವೆ “ಅವರ ಸಂಸ್ಕೃತಿಯೇ ಹಾಗೆ” ಎಂಬ ಮೂರನೆಯ ಮಾತನ್ನು ತುರುಕಿ ನಾವು ಕೈ ತೊಳೆದುಕೊಳ್ಳುತ್ತೇವಲ್ಲ, ಅದೇ ಅನ್ಯಾಯ. ನನ್ನ ವಾದವು ಇಷ್ಟೇ: ಅಂಗವಿಕಲರ ಮನೆಗಳಿಗೂ ನೆರವು ಕೊಡುವ ಕಚೇರಿಗಳಿಗೂ ನಡುವೆ ಭಾಷೆಯ, ನಡವಳಿಕೆಯ, ನಂಬುಗೆಯ ಅಂತರವೊಂದಿದೆ. ಅದನ್ನು ದಾಟಿ ಬರುವ ಹೊಣೆಯನ್ನು ಮಗುವನ್ನು ಹೆಗಲ ಮೇಲೆ ಹೊತ್ತ ತಾಯಿಯ ಮೇಲೆ ಹೊರಿಸಬಾರದು. ಕಲ್ಲೂ ಸುಣ್ಣವೂ ಯಾವ ದಂಡೆಯಲ್ಲಿವೆಯೋ ಆ ದಂಡೆಯವರೇ ಸೇತುವೆಗೆ ಮೊದಲು ಕೈ ಹಚ್ಚತಕ್ಕದ್ದು. ಆ ದಂಡೆ ನಮ್ಮದು.

ಈ ಪ್ರಶ್ನೆಯು ಎಷ್ಟು ಮನೆಗಳದೆಂಬದನ್ನು ಸ್ವಲ್ಪ ನೋಡೋಣ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಜನಸಂಖ್ಯೆಯು 11,74,271. ಅಕ್ಷರ ಬಲ್ಲವರು ನೂರಕ್ಕೆ ಸುಮಾರು 52 ಮಾತ್ರ. ಆ ಗಣತಿಯಂತೆ ರಾಜ್ಯದಲ್ಲಿಯೇ ಕಟ್ಟಕಡೆಯ ಸ್ಥಾನವು ನಮ್ಮದು. ಅದೇ ಗಣತಿಯು ಕರ್ನಾಟಕದಲ್ಲಿ 13 ಲಕ್ಷ 24 ಸಾವಿರ ಅಂಗವಿಕಲರನ್ನು ಎಣಿಸಿತು. ಅಂದರೆ ನೂರಕ್ಕೆ ಎರಡಕ್ಕಿಂತ ತುಸು ಹೆಚ್ಚು. ಇದೇ ಪ್ರಮಾಣವನ್ನು ನಮ್ಮ ಜಿಲ್ಲೆಗೆ ಹಿಡಿದರೂ ಇಪ್ಪತ್ತೈದು ಸಾವಿರ ಜನರಾಗುತ್ತಾರೆ. ಮನೆಯವರು ಬಚ್ಚಿಟ್ಟವರೂ ಗಣತಿದಾರನಿಗೆ ಕಾಣದೆ ಹೋದವರೂ ಇದರಲ್ಲಿ ಸೇರಿಲ್ಲ.

ಇನ್ನು ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳುವೆನು. ನಮ್ಮ ಮೂರು ಊರುಗಳ ಪೈಕಿ ಒಂದರಲ್ಲಿ ಇಂಥದೇ ಒಂದು ಶಿಬಿರ ನಡೆದಿತ್ತು. ಅರ್ಜಿ ಬರೆದುಕೊಡುವ ಸಹಾಯಕ್ಕೆಂದು ನಾನೂ ಒಂದು ಮೂಲೆಯಲ್ಲಿ ಕುಳಿತಿದ್ದೆನು. ಸುರಪುರ ಸೀಮೆಯ ತಾಂಡಾವೊಂದರಿಂದ ಲಂಬಾಣಿ ಹೆಣ್ಣುಮಗಳೊಬ್ಬಳು ಐದಾರು ವರ್ಷದ ಕೂಸನ್ನು ಎತ್ತಿಕೊಂಡು ಬಂದಿದ್ದಳು. ಕೂಸಿಗೆ ಕುತ್ತಿಗೆ ನಿಲ್ಲುತ್ತಿರಲಿಲ್ಲ, ಕೈಕಾಲುಗಳು ಸೆಟೆದಿದ್ದವು. ಮೇಜಿನ ಆಚೆ ಕುಳಿತಿದ್ದ ತರುಣರು ದುಷ್ಟರಲ್ಲ. ಬೆಳಗಿನಿಂದ ನೂರಾರು ಜನರನ್ನು ನೋಡಿ ದಣಿದವರು. ಅವರು ಅಚ್ಚಾದ ಹಾಳೆಯನ್ನು ನೋಡಿಕೊಂಡು, “ಮಗುವಿನ ಬೆಳವಣಿಗೆಯ ಹಂತಗಳಲ್ಲಿ ವಿಳಂಬ ಕಂಡುಬಂದಿತ್ತೇ? ಯಾವ ತಿಂಗಳಲ್ಲಿ?” ಎಂದು ಕೇಳಿದರು. ಅವಳು ಸುಮ್ಮನೆ ನಿಂತಳು. ಅವರು ಎರಡನೆಯ ಸಲ ಗಟ್ಟಿಯಾಗಿ ಕೇಳಿದರು, ಅವಳು ಕಿವುಡಿಯೆಂಬಂತೆ. ಬಳಿಕ ಹಾಳೆಯ ಮೇಲೆ “ಮಾಹಿತಿ ಇಲ್ಲ” ಎಂದು ಬರೆದರು.

ಆ ಹೊತ್ತಿಗೆ ಪಕ್ಕದ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತನೊಬ್ಬನು, ತಾನೂ ಒಂದು ಕಾಲು ಸೊರಗಿದವನು, ಊರುಗೋಲಿನ ಮೇಲೆ ಬಂದು ಅವಳ ಪಕ್ಕದಲ್ಲಿ ನಿಂತು ಲಂಬಾಣಿ ಮಾತಿನಲ್ಲಿ ಏನನ್ನೋ ಕೇಳಿದನು. ಒಮ್ಮೆಲೆ ಅವಳಿಗೆ ಬಾಯಿ ಬಂದಿತು. ಕೃಷ್ಣೆಗೆ ನೆರೆ ಬಂದ ವರ್ಷದ ಶ್ರಾವಣದಲ್ಲಿ ಕೂಸು ಹುಟ್ಟಿತು. ಹುಟ್ಟಿದಾಗ ಬಹಳ ಹೊತ್ತಿನ ವರೆಗೆ ಅಳಲಿಲ್ಲ. ಜೋಳದ ರಾಶಿಯ ಹೊತ್ತಿಗೆ ಓರಗೆಯ ಕೂಸುಗಳು ಕೂಡ್ರುತ್ತಿದ್ದವು, ಇದಕ್ಕೆ ಕುತ್ತಿಗೆಯೇ ನಿಂತಿರಲಿಲ್ಲ. ಅದರ ಮುಂದಿನ ದೀಪಾವಳಿಗೆ ಉಳಿದವು ಓಡಾಡುತ್ತಿದ್ದವು, ಇದು ಬೋರಲು ಕೂಡ ಬೀಳುತ್ತಿರಲಿಲ್ಲ. ಅವನು ಒಂದೊಂದನ್ನೂ ಕನ್ನಡದಲ್ಲಿ ಹೇಳುತ್ತ ಹೋದನು. ನಾನು ಬೆರಳು ಮಡಿಸಿ ಲೆಕ್ಕ ಹಾಕುತ್ತ ಹೋದೆನು. ನೆರೆ ಬಂದದ್ದು 2019ರ ಆಗಸ್ಟಿನಲ್ಲಿ. ಜೋಳದ ರಾಶಿಯೆಂದರೆ ಆರೇಳು ತಿಂಗಳು. ಮುಂದಿನ ದೀಪಾವಳಿಯೆಂದರೆ ಹದಿನೈದು. ವೈದ್ಯರಿಗೆ ಬೇಕಾದ ಸಂಗತಿಗಳೆಲ್ಲ ಅವಳ ನೆನಪಿನಲ್ಲಿ ಕ್ರಮವಾಗಿ, ತಪ್ಪಿಲ್ಲದೆ ಇದ್ದವು. ಇಲ್ಲದೆ ಇದ್ದದ್ದು ಕೇಳಬಲ್ಲ ನಾಲಿಗೆ ಮಾತ್ರ. ಆ ಊರುಗೋಲಿನ ಹುಡುಗನು ಅಂದು ಬರದೆ ಇದ್ದಿದ್ದರೆ “ಮಾಹಿತಿ ಇಲ್ಲ” ಎಂಬ ಎರಡು ಶಬ್ದಗಳೇ ಅವಳ ಕೂಸಿನ ಚರಿತ್ರೆಯಾಗಿ ಉಳಿಯುತ್ತಿದ್ದವು. ನಾವೋ, ಲಂಬಾಣಿಗರಿಗೆ ಮಕ್ಕಳ ವಯಸ್ಸೂ ನೆನಪಿರುವದಿಲ್ಲವೆಂದು ಚಹದ ಹೊತ್ತಿನಲ್ಲಿ ತಲೆದೂಗುತ್ತಿದ್ದೆವು.

ಇಲ್ಲಿ ನನ್ನ ವಾಚಕರಿಗೆ ಅವರ ಸ್ವಂತ ಇತಿಹಾಸವನ್ನು ನೆನಪಿಗೆ ತರುವದು ಅವಶ್ಯವಿದೆ. 1948ರ ಸೆಪ್ಟೆಂಬರ್ 17ರ ವರೆಗೆ ಯಾದಗಿರಿ, ಶಹಾಪುರ, ಸುರಪುರಗಳು ನಿಜಾಮರ ಆಳಿಕೆಯಲ್ಲಿದ್ದವು. ಕಚೇರಿಯ ಭಾಷೆಯು ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬೋಧನೆಯ ಭಾಷೆಯೂ ಉರ್ದುವೇ. ಕನ್ನಡ ರೈತನು ತನ್ನ ಹೊಲದ ತಕರಾರನ್ನು ಹೇಳಿಕೊಳ್ಳಲು ಉರ್ದು ಬಲ್ಲವನೊಬ್ಬನ ಕೈ ಹಿಡಿಯಬೇಕಾಗಿತ್ತು. ತನ್ನ ಹೆಸರಿನಲ್ಲಿ ಏನು ಬರೆಯಲ್ಪಟ್ಟಿತೆಂಬದು ಹೆಬ್ಬೆಟ್ಟು ಒತ್ತುವ ಅವನಿಗೇ ತಿಳಿಯುತ್ತಿರಲಿಲ್ಲ. ಈ ಅಪಮಾನವನ್ನು ನಮ್ಮ ಹಿರಿಯರು ಮನೆಮನೆಗಳಲ್ಲಿ ಹೇಳುತ್ತ ಬಂದಿದ್ದಾರೆ. 1956ರ ನವೆಂಬರ್ 1ರಂದು ನಾವು ಕನ್ನಡ ರಾಜ್ಯದಲ್ಲಿ ಕೂಡಿಕೊಂಡದ್ದನ್ನು ಹಬ್ಬ ಮಾಡಿ ಆಚರಿಸುತ್ತೇವೆ. ಮುಂದೆ, ನಮ್ಮ ಸೀಮೆಯು ಹಿಂದುಳಿದಿದೆ, ಮೈಸೂರು ಸೀಮೆಯವರ ಅಳತೆಗೋಲಿನಿಂದ ನಮ್ಮನ್ನು ಅಳೆಯಬಾರದು ಎಂದು ದಶಕಗಳ ಕಾಲ ವಾದಿಸಿ, 2012ರಲ್ಲಿ ಸಂವಿಧಾನದ 371(ಜೆ) ಕಲಮನ್ನು ಪಡೆದೆವು. ಅದರ ಬಲದಿಂದ ನಮ್ಮಲ್ಲಿ ಎಷ್ಟೋ ಮನೆಗಳ ಮಕ್ಕಳಿಗೆ ಕಾಲೇಜೂ ನೌಕರಿಯೂ ದೊರೆತಿವೆ.

ಹಾಗಾದರೆ ಕೇಳುವೆನು: ಅರಿಯದ ಭಾಷೆಯ ಕಚೇರಿಯ ಮುಂದೆ ನಿಲ್ಲುವ ಕಷ್ಟವನ್ನು ನಮ್ಮಷ್ಟು ಬಲ್ಲವರು ಯಾರಿದ್ದಾರೆ? ನಮಗೊಂದು ಬೇರೆ ಅಳತೆ ಬೇಕೆಂದು ದಿಲ್ಲಿಯ ವರೆಗೆ ಹೋದ ನಾವು, ನಮ್ಮ ಊರ ಹೊರಗಿನ ತಾಂಡಾದವಳಿಗೂ, ದಖನಿ ಮಾತಾಡುವ ಓಣಿಯವಳಿಗೂ, ಗುರುಮಠಕಲ್ಲಿನ ಕಡೆಯ ತೆಲುಗು ಮನೆಯವಳಿಗೂ ಬೇರೆ ಅಳತೆಯೊಂದು ಬೇಕಾದೀತೆಂದು ಎಂದಾದರೂ ಯೋಚಿಸಿದ್ದೇವೆಯೇ? ಲಂಬಾಣಿಗೆ ಸ್ವಂತ ಲಿಪಿಯಿಲ್ಲ. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಸ್ಥಾನವಿಲ್ಲ. ಹಾಗೆಂದು ಅದನ್ನಾಡುವ ತಾಯಿಗೆ ಮಗುವಿನ ರೋಗವನ್ನು ತನ್ನ ಮಾತಿನಲ್ಲಿ ಹೇಳಿಕೊಳ್ಳುವ ಹಕ್ಕೂ ಇಲ್ಲವೇ? ನಮ್ಮ ಕನ್ನಡ ರೈತನಿಗಾದರೂ ನಮ್ಮ ಕಾಗದಗಳ ಕನ್ನಡವು ತಿಳಿಯುವದೇ? “ಶ್ರವಣದೋಷ” “ಬೌದ್ಧಿಕ ವಿಕಲತೆ” ಎಂಬ ಶಬ್ದಗಳು ಅವನಿಗೆ ಉರ್ದುವಿನಷ್ಟೇ ದೂರ. ನಿಜಾಮರ ಕಚೇರಿಯನ್ನು ನಾವು ಕೆಡವಲಿಲ್ಲ. ಅದರ ಕುರ್ಚಿಯ ಮೇಲೆ ನಾವು ಕುಳಿತೆವು, ಅಷ್ಟೇ.

ಈಗ ಮೌಢ್ಯದ ಆಕ್ಷೇಪಕ್ಕೆ ಬರೋಣ. ಅಂಗವಿಕಲ ಮಗುವನ್ನು ಮೊದಲು ದರ್ಗಾಕ್ಕೋ ಗುಡಿಗೋ ಒಯ್ಯುವದೇಕೆ? ಬುದ್ಧಿಭ್ರಮೆಯಾದ ಮಗನನ್ನು ವಾರವಾರವೂ ಒಂದು ದರ್ಗಾಕ್ಕೆ ಕರೆದೊಯ್ಯುತ್ತಿದ್ದ ಶಹಾಪುರದ ಕಡೆಯ ಮುದುಕಿಯೊಬ್ಬಳನ್ನು ನಾನು ಇದೇ ಪ್ರಶ್ನೆಯನ್ನು ಕೇಳಿದ್ದೆನು. ಅವಳು ಕೊಟ್ಟ ಉತ್ತರದಲ್ಲಿ ಪವಾಡದ ಮಾತೇ ಇರಲಿಲ್ಲ. ಅಲ್ಲಿ ಕೂಡ್ರಲು ನೆರಳಿದೆ. ಯಾರೂ ಚೀಟಿ ಕೇಳುವದಿಲ್ಲ. ಮಗನು ಕೂಗಿದರೆ ಯಾರೂ ಹೊರಗೆ ಹಾಕುವದಿಲ್ಲ. ಇದು ಯಾರ ತಪ್ಪಿನಿಂದಾಯಿತೆಂದು ಯಾರೂ ವಿಚಾರಿಸುವದಿಲ್ಲ—ಇಷ್ಟೇ ಅವಳು ಹೇಳಿದ್ದು. ದೇವರು ಮಾಡುವ ಪವಾಡಕ್ಕಿಂತ ಮೊದಲು ಅಲ್ಲಿ ದೊರೆಯುವದು ಆದರ. ಈ ಆದರವನ್ನು ನಮ್ಮ ದವಾಖಾನೆಯ ಬಾಗಿಲಲ್ಲಿ ಕೊಡದೆ, ಜನರು ದೇವರ ಬಾಗಿಲಿಗೆ ಹೋದರೆಂದು ದೂರುವದು ಯಾವ ನ್ಯಾಯ?

ಆದರೆ ನಾನು ದೇವಸ್ಥಾನ ದರ್ಗಾಗಳ ವಕೀಲನಾಗಿ ನಿಂತಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಏನಾಯಿತೆಂಬದನ್ನು ಮರೆಯಲಾಗದು. ಅಲ್ಲಿಯ ದರ್ಗಾದ ಆಶ್ರಯದಲ್ಲಿ ಬೆಳೆದ ಖಾಸಗಿ ಮನೆಯೊಂದರಲ್ಲಿ ಮಾನಸಿಕ ರೋಗಿಗಳನ್ನು ಸರಪಳಿಯಿಂದ ಕಟ್ಟಿದ್ದರು. ಬೆಂಕಿ ಬಿದ್ದಾಗ ಓಡಲಾರದೆ 28 ಜನ ಸುಟ್ಟು ಸತ್ತರು. ಸರಪಳಿ ಹಾಕುವದನ್ನು 2017ರ ಮಾನಸಿಕ ಆರೋಗ್ಯ ಕಾಯಿದೆಯು ಸಂಪೂರ್ಣವಾಗಿ ನಿಷೇಧಿಸಿದೆ. ಸಂಪ್ರದಾಯವೆಂಬ ಹೆಸರಿನಲ್ಲಿ ಅದನ್ನು ಸಮರ್ಥಿಸುವವನು ನನ್ನ ಪಕ್ಷದವನಲ್ಲ. ಸಂಸ್ಕೃತಿಗಳ ಅಂತರವನ್ನು ದಾಟಬೇಕೆಂದರೆ ಎಲ್ಲ ರೂಢಿಗಳಿಗೂ ಕೈ ಮುಗಿಯಬೇಕೆಂದು ಅರ್ಥವಲ್ಲ.

ಹಾಗಾದರೆ ಬೇರೆ ದಾರಿಯುಂಟೇ? ಉಂಟು. ಗುಜರಾತದ ಮೆಹಸಾಣಾ ಜಿಲ್ಲೆಯ ಉನಾವಾ ಎಂಬಲ್ಲಿ ಮೀರಾ ದಾತಾರರ ದರ್ಗಾ ಇದೆ. ಬುದ್ಧಿಭ್ರಮೆಯಾದವರನ್ನು ಎಲ್ಲ ಮತದವರೂ ಅಲ್ಲಿಗೆ ಕರೆತರುತ್ತಾರೆ. 2008ರಿಂದ ಅಲ್ಲಿ “ದವಾ ಮತ್ತು ದುವಾ” ಎಂಬ ಏರ್ಪಾಡು ನಡೆದು ಬಂದಿತು. ದರ್ಗಾದ ಮುಜಾವರರಿಗೇ ರೋಗಲಕ್ಷಣಗಳನ್ನು ಗುರುತಿಸಲು ಕಲಿಸಲಾಯಿತು. ಅವರು ಪ್ರಾರ್ಥನೆಯನ್ನು ಬಿಡಿಸಲಿಲ್ಲ. ಪ್ರಾರ್ಥಿಸಿ, ಬಳಿಕ ಅಲ್ಲಿಯೇ ಕುಳಿತ ವೈದ್ಯರ ಬಳಿಗೆ ಕಳುಹಿಸಿದರು. ದುವಾ ಬೇಡಿದ ಬಾಯಿಯೇ ದವಾ ತೆಗೆದುಕೊಳ್ಳೆಂದು ಹೇಳಿದಾಗ ತಾಯಿಯು ಎರಡರ ನಡುವೆ ಒಂದನ್ನು ಆರಿಸಬೇಕಾದ ಸಂಕಟವೇ ಉಳಿಯಲಿಲ್ಲ. ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿಯೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಹಳ್ಳಿಯ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮಾನಸಿಕ ರೋಗಗಳ ಚಿಕಿತ್ಸೆಯನ್ನು ಕಲಿಸಿ ತೋರಿಸಿದರು. 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ದೊಡ್ಡ ಆಸ್ಪತ್ರೆಗೆ ರೋಗಿಯನ್ನು ಎಳೆಯುವದಕ್ಕಿಂತ ರೋಗಿಯ ಊರಿಗೆ ವಿದ್ಯೆಯನ್ನು ಕಳುಹಿಸುವದು ಸುಲಭವೆಂಬದಕ್ಕೆ ನಾವು ಬೇರೆ ದೇಶದ ಉದಾಹರಣೆಯನ್ನು ಹುಡುಕಬೇಕಾಗಿಲ್ಲ.

ಪೋಲಿಯೋದ ಕಥೆಯೂ ಇದನ್ನೇ ಹೇಳುತ್ತದೆ. 2009ರಲ್ಲಿ ನಮ್ಮ ದೇಶದಲ್ಲಿ 741 ಮಕ್ಕಳಿಗೆ ಈ ರೋಗ ತಗಲಿತ್ತು. ಉತ್ತರ ಪ್ರದೇಶದ ಕೆಲವು ಓಣಿಗಳಲ್ಲಿ ಹನಿ ಹಾಕುವವರು ಬಂದರೆ ಕದ ಮುಚ್ಚುತ್ತಿದ್ದರು. ಆ ಜನರ ಅಜ್ಞಾನವನ್ನು ಬಯ್ಯುತ್ತ ಕುಳಿತಿದ್ದರೆ ಇಂದಿಗೂ ಬಯ್ಯುತ್ತಲೇ ಇರಬೇಕಾಗುತ್ತಿತ್ತು. ಹಾಗೆ ಮಾಡದೆ ಆ ಓಣಿಯ ಹೆಣ್ಣುಮಕ್ಕಳನ್ನೇ ಕಾರ್ಯಕರ್ತೆಯರನ್ನಾಗಿ ಮಾಡಿದರು. ಇಮಾಮರಿಂದ ಮಸೀದಿಗಳಲ್ಲಿ ಹೇಳಿಸಿದರು. ಹೊಸ ಲಸಿಕೆಯೂ ಕೂಡಿಬಂದಿತು. 2011ರ ಜನವರಿ 13ರ ಪ್ರಕರಣವೇ ಕೊನೆಯದಾಯಿತು. 2014ರ ಮಾರ್ಚ್ 27ರಂದು ದೇಶವು ಪೋಲಿಯೋಮುಕ್ತವೆಂದು ಘೋಷಿಸಲ್ಪಟ್ಟಿತು. ಇಂದು ನಮ್ಮ ಓಣಿಗಳಲ್ಲಿ ಆಡುವ ಮಕ್ಕಳಲ್ಲಿ ಪೋಲಿಯೋದಿಂದ ಕಾಲು ಸೊರಗಿದವರನ್ನು ಕಾಣದೆ ಇರುವದು, ಯಾರೋ ಯಾರದೋ ಬಾಗಿಲಿಗೆ ಹೋಗಿ ಅವರ ಮಾತಿನಲ್ಲಿ ಮಾತಾಡಿದ್ದರ ಫಲವೂ ಆಗಿದೆ.

ಎರಡನೆಯ ಆಕ್ಷೇಪವು ಸೋದರಿಕೆಯ ಮದುವೆಯದು. “ರಕ್ತಸಂಬಂಧದಲ್ಲಿ ಮದುವೆ ಮಾಡುವರು, ಊನವಾದ ಮಕ್ಕಳನ್ನು ಹಡೆಯುವರು, ಆ ಮೇಲೆ ಸರಕಾರದ ಕಡೆಗೆ ಕೈ ಚಾಚುವರು” ಎಂದು ಪಂಡಿತರು ಹೇಳುವದನ್ನು ಕೇಳಿದ್ದೇನೆ. ಹತ್ತಿರದ ರಕ್ತದಲ್ಲಿ ಮದುವೆಯಾದರೆ ಹುಟ್ಟುಗಿವುಡು ಮೊದಲಾದ ಕೆಲವು ಊನಗಳ ಸಂಭವವು ಹೆಚ್ಚುವದೆಂಬದು ಸತ್ಯ. ಅದನ್ನು ಮುಚ್ಚಿಡದೆ ಮನೆಮನೆಗೂ ತಿಳಿಸಬೇಕು. ಹಾಗೆ ಹುಟ್ಟಿದ ಮಕ್ಕಳಲ್ಲಿ ಹೆಚ್ಚಿನವರು ಆರೋಗ್ಯವಂತರೇ ಎಂಬದೂ ಅಷ್ಟೇ ಸತ್ಯ. ಆದರೆ ಈ ರೂಢಿಯು ಯಾರದು? 2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸುಮಾರು ನಾಲ್ಕು ಮದುವೆಗಳಲ್ಲಿ ಒಂದು ಬಂಧುಗಳೊಳಗೇ ಆದದ್ದು. ಈ ನಾಲ್ಕರಲ್ಲಿ ಒಂದು ತಾಂಡಾಗಳಲ್ಲಿ ಮಾತ್ರ ಇಲ್ಲ, ವಾಚಕರೇ. ಅಕ್ಕನ ಮಗಳನ್ನೋ ಅತ್ತೆಯ ಮಗಳನ್ನೋ ತಂದುಕೊಂಡ ಮನೆಗಳನ್ನು ಎಣಿಸಲು ನೀವು ನಿಮ್ಮ ಬೀದಿಯನ್ನು ಬಿಟ್ಟು ಹೋಗಬೇಕಾಗಿಲ್ಲ. ಹೀಗಿರಲು ಬಡವನ ಮನೆಯಲ್ಲಿ ಅದು ಮೌಢ್ಯ, ನಮ್ಮ ಮನೆಯಲ್ಲಿ ಕುಲಾಚಾರ!

“ಪೂರ್ವಜನ್ಮದ ಕರ್ಮ” ಎಂಬ ಮಾತೂ ಹಾಗೆಯೇ. ಅದನ್ನು ಹಳ್ಳಿಯವರು ತಾವಾಗಿ ಕಂಡುಹಿಡಿಯಲಿಲ್ಲ. ಪುರಾಣ ಹೇಳಿದವರೂ ಪ್ರವಚನ ಮಾಡಿದವರೂ ಓದುಬರಹ ಬಲ್ಲ ನಮ್ಮ ಕಡೆಯವರೇ. “ಕುಂಟನಿಗೆ ಎಂಟು ಚೇಷ್ಟೆ” ಎಂಬ ಗಾದೆಯನ್ನು ಪುಸ್ತಕದಲ್ಲಿ ಅಚ್ಚು ಹಾಕಿಸಿ ಶಾಲೆಯ ಮಕ್ಕಳಿಂದ ಬಾಯಿಪಾಠ ಮಾಡಿಸಿದವರೂ ನಾವೇ.

ಶಬ್ದಗಳ ಪ್ರಸ್ತಾಪ ಬಂದದ್ದರಿಂದ ಇನ್ನೊಂದು ಮಾತು. ಅಂಗವಿಕಲನೆನ್ನಬೇಕೋ, ವಿಕಲಚೇತನನೆನ್ನಬೇಕೋ, ದಿವ್ಯಾಂಗನೆನ್ನಬೇಕೋ, ವಿಶೇಷಚೇತನನೆನ್ನಬೇಕೋ ಎಂಬ ಚರ್ಚೆಯು ನಮ್ಮ ವಿದ್ವಾಂಸರಲ್ಲಿ ಬಿಸಿಯಾಗಿ ನಡೆದಿದೆ. ಇದರಲ್ಲಿ ಒಂದು ವಿನೋದವುಂಟು. ಅಂಗವಿಕಲನೆಂಬದು ಕಠೋರವಾಯಿತೆಂದು ಬಿಟ್ಟು, ಗೌರವಕ್ಕಾಗಿ “ವಿಕಲಚೇತನ”ವನ್ನು ತಂದರು. ವ್ಯಾಕರಣವನ್ನು ಬಲ್ಲವರು ಸಮಾಸವನ್ನು ಬಿಡಿಸಿ ನೋಡಲಿ: ಯಾರ ಚೇತನವು ವಿಕಲವೋ ಅವನು ವಿಕಲಚೇತನನು. ಮೊದಲು ಅವನಿಗೆ ಕಾಲೊಂದೇ ಊನವಾಗಿತ್ತು. ನಮ್ಮ ಗೌರವದಿಂದ ಆತ್ಮವೂ ಊನವಾಯಿತು. ಉರ್ದುವಿನಲ್ಲಿ “ಮಾಜೂರ್” ಎನ್ನುವರು. ಅದರ ಮೂಲಾರ್ಥವು “ಸಬೂಬುಳ್ಳವನು, ರಿಯಾಯತಿಗೆ ಪಾತ್ರನಾದವನು” ಎಂದು. ಯಾವ ಶಬ್ದವನ್ನೇ ಇಟ್ಟುಕೊಳ್ಳಿರಿ. ಆ ಹೆಸರಿನವನನ್ನು ನಿಮ್ಮ ಪಡಸಾಲೆಯಲ್ಲಿ ಕೂಡ್ರಿಸುವಿರೋ ಇಲ್ಲವೋ ಎಂಬದೇ ಪ್ರಶ್ನೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದವರು. ಕಣ್ಣಿಲ್ಲದ ಎಷ್ಟೋ ಬಡಮಕ್ಕಳಿಗೆ ಜಾತಿ ಕೇಳದೆ ಅನ್ನವಿಕ್ಕಿ ಸಂಗೀತ ಕಲಿಸಿದರು. ಅವರ ಚಿತ್ರಪಟಕ್ಕೆ ನಾವು ಹೂವಿನ ಹಾರ ಹಾಕುತ್ತೇವೆ. ನೆರೆಮನೆಯ ಕುರುಡ ಹುಡುಗನು ಮದುವೆಯ ಚಪ್ಪರದಲ್ಲಿ ಎದುರಾದರೆ ಅಪಶಕುನವೆಂದು ಮುಖ ತಿರುಗಿಸುವದೂ ಅದೇ ಕೈಗಳ ಒಡೆಯರೇ.

ಇನ್ನು ನನ್ನ ಸ್ವಂತ ಮನೆಯ ಮಾತನ್ನು ಹೇಳದೆ ಉಳಿದವರನ್ನು ದೂರುವದು ನ್ಯಾಯವಲ್ಲ. ನನ್ನ ತಂದೆತಾಯಿಗಳು ಅತ್ತೆಯ ಮಗ, ಮಾವನ ಮಗಳು. ತಂದೆಯವರು ಶಾಲೆಯ ಮಾಸ್ತರರು. ಮನೆಯಲ್ಲಿ ಎರಡು ಕಪಾಟು ಪುಸ್ತಕಗಳಿದ್ದವು. ನನ್ನ ತಂಗಿಗೆ ಹುಟ್ಟಿನಿಂದಲೂ ಕಿವಿ ಕೇಳುತ್ತಿರಲಿಲ್ಲ. ಮೈಸೂರಿನಲ್ಲಿ ಇಂಥ ಮಕ್ಕಳಿಗಾಗಿಯೇ ವಾಕ್ ಶ್ರವಣ ಸಂಸ್ಥೆಯು 1960ರ ದಶಕದಲ್ಲಿಯೇ ಆರಂಭವಾಗಿತ್ತು. ಐದುನೂರು ಕಿಲೋಮೀಟರಿಗೂ ಮಿಗಿಲಾದ ಆ ಹಾದಿಯನ್ನು ನಮ್ಮ ಮನೆಯವರು ತುಳಿಯಲಿಲ್ಲ. ದುಡ್ಡಿನ ಕೊರತೆಗಿಂತ, ಹೋದರೆ ಊರಿಗೆ ತಿಳಿಯುವದೆಂಬ ಭಯವೇ ಹೆಚ್ಚಿನದಾಗಿತ್ತು. ನನ್ನ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬರುವ ದಿನ ತಂಗಿಯನ್ನು ಹಿತ್ತಲ ಕೋಣೆಯಲ್ಲಿ ಕೂಡ್ರಿಸಿ ಕದ ಮುಂದೆ ಮಾಡುತ್ತಿದ್ದರು. ಕಾಯುವ ಕೆಲಸ ನನ್ನದು. ಹೀಗೆ ಮೂರು ಸಲ ನಡೆಯಿತು. ನಾಲ್ಕನೆಯ ಸಲ ಅಂಗಳ ಸಾರಿಸಿ ಜಮಖಾನೆ ಹಾಸುವದನ್ನು ಕಂಡ ಕೂಡಲೆ ಅವಳು ತಾನಾಗಿಯೇ ಎದ್ದು ಹೋಗಿ, ಕೋಣೆಯನ್ನು ಹೊಕ್ಕು, ಕದವನ್ನು ಎಳೆದುಕೊಂಡಳು. ಆಗ ಅವಳಿಗೆ ಒಂಬತ್ತು ವರ್ಷ. ಅಷ್ಟು ಪುಸ್ತಕಗಳಿದ್ದ ಆ ಮನೆಯಲ್ಲಿ ನಾವು ಅವಳಿಗೆ ಕಲಿಸಿದ ಭಾಷೆಯು ಅದೊಂದೇ.

ತಾಂಡಾದ ಆ ತಾಯಿಯು ತನ್ನ ಕೂಸನ್ನು ಹಾಡಹಗಲಲ್ಲಿ ಎತ್ತಿಕೊಂಡು ಊರ ನಡುವೆ ಬಂದಿದ್ದಳು. ಗುಳೆ ಹೋಗುವ ಕುಟುಂಬಗಳು ಬೆಂಗಳೂರು, ಪುಣೆ, ಮುಂಬಯಿಗಳ ಕಟ್ಟಡದ ಕೆಲಸಕ್ಕೆ ಇಂಥ ಮಕ್ಕಳನ್ನು ಹೊತ್ತುಕೊಂಡೇ ಹೋಗುತ್ತವೆ, ಇಲ್ಲವೆ ಅಜ್ಜಿಯ ಮಡಿಲಲ್ಲಿ ಬಿಟ್ಟು ಹೋಗುತ್ತವೆ. ಆದರೆ ಮಗುವಿಲ್ಲವೆಂದು ಹೇಳುವದಿಲ್ಲ. ಮಗುವಿಲ್ಲವೆಂದು ಹೇಳುವ ವಿದ್ಯೆಯು ನಮ್ಮದು. ಹೀಗಿರಲು ಯಾವ ಸಂಸ್ಕೃತಿಯು ಯಾವದರಿಂದ ಕಲಿಯಬೇಕಾಗಿದೆಯೆಂಬದನ್ನು ವಾಚಕರೇ ನಿರ್ಣಯಿಸಲಿ.

“ಇದೆಲ್ಲ ಸರಕಾರದ ಕೆಲಸ, ಸಾಹಿತ್ಯ ಸಂಘಕ್ಕೂ ಇದಕ್ಕೂ ಏನು ಸಂಬಂಧ?” ಎಂಬ ಕೊನೆಯ ಆಕ್ಷೇಪವು ಬಂದೇ ಬರುವದು. ಸಂಬಂಧವಿಲ್ಲವೇ? ಇದು ಮೊದಲಿನಿಂದ ಕೊನೆಯ ವರೆಗೆ ಭಾಷೆಯ ಪ್ರಶ್ನೆಯು. ಭಾಷೆಯ ಸೇವೆಯೇ ನಮ್ಮ ಉದ್ದೇಶವೆಂದು ನಮ್ಮ ನಿಯಮಾವಳಿಯ ಮೊದಲ ಪುಟದಲ್ಲಿಯೇ ಬರೆದುಕೊಂಡಿದ್ದೇವಲ್ಲ! ಮೂರು ಕೆಲಸಗಳನ್ನು ನಾನು ಸೂಚಿಸುವೆನು. ಮೂರೂ ನಮ್ಮ ಕೈಯೊಳಗಿನವು.

ಮೊದಲನೆಯದು, ಒಂದು ಚಿಕ್ಕ ಕೋಶ. ಅಂಗವಿಕಲ ಮಗುವಿನ ವಿಷಯವಾಗಿ ವೈದ್ಯನೂ ಗುಮಾಸ್ತನೂ ಕೇಳುವ ಪ್ರಶ್ನೆಗಳು ನೂರಕ್ಕೆ ಮಿಗಿಲಾಗಲಾರವು. ಅವುಗಳನ್ನು ಈ ಸೀಮೆಯ ಆಡುಗನ್ನಡದಲ್ಲಿಯೂ, ದಖನಿಯಲ್ಲಿಯೂ, ಲಂಬಾಣಿಯಲ್ಲಿಯೂ, ತೆಲುಗಿನಲ್ಲಿಯೂ ಕನ್ನಡ ಲಿಪಿಯಲ್ಲಿ ಬರೆದಿಡತಕ್ಕದ್ದು. ತಿಂಗಳ ಲೆಕ್ಕದ ಪಕ್ಕದಲ್ಲಿ ಜನರ ಲೆಕ್ಕವನ್ನೂ ಕೊಡಬೇಕು: ಕಾರಹುಣ್ಣಿವೆ, ನಾಗರಪಂಚಮಿ, ಮೊಹರಮ್, ದೀಪಾವಳಿ, ಜೋಳದ ರಾಶಿ. ಇದನ್ನು ನಾವು ಪಂಡಿತರು ಕುಳಿತು ಬರೆದರೆ ಕೆಟ್ಟೀತು. ಆಯಾ ಮನೆಯ ಹೆಣ್ಣುಮಕ್ಕಳನ್ನು ಕೂಡ್ರಿಸಿಕೊಂಡು, ಅವರು ಹೇಳಿದ್ದನ್ನು ಬರೆದುಕೊಳ್ಳಬೇಕು.

ಎರಡನೆಯದು, ಜನರು ಕೂಡುವಲ್ಲಿಗೆ ನಾವೇ ಹೋಗುವದು. ಸಂಕ್ರಮಣಕ್ಕೆ ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಸಾವಿರಾರು ಜನ ಬರುತ್ತಾರೆ. ಕೃಷ್ಣಾತೀರದ ತಿಂಥಣಿಯಲ್ಲಿ ಒಬ್ಬನೇ ಮಹಾತ್ಮನನ್ನು ಹಿಂದುಗಳು ಮೌನೇಶ್ವರನೆಂದೂ ಮುಸಲ್ಮಾನರು ಮೌನುದ್ದೀನನೆಂದೂ ಕರೆದು ಕೂಡಿ ನಡೆದುಕೊಳ್ಳುತ್ತಾರೆ. ಎರಡು ಹೆಸರುಗಳಿಂದ ಒಬ್ಬನನ್ನು ಕರೆಯಬಲ್ಲ ಸೀಮೆಗೆ, ಒಂದು ರೋಗವನ್ನು ಎರಡು ಭಾಷೆಗಳಲ್ಲಿ ತಿಳಿಯುವದು ಅಸಾಧ್ಯವೇ? ಆ ಜಾತ್ರೆಗಳಲ್ಲಿ ತೆಂಗಿನಕಾಯಿಯ ಅಂಗಡಿಯ ಪಕ್ಕದಲ್ಲಿ ವೈದ್ಯರದೊಂದು ಚಪ್ಪರ ಬೀಳಲಿ. ಪೂಜಾರಿಯೂ ಮುಜಾವರನೂ ಅದರ ದಾರಿಯನ್ನು ತೋರಿಸಲಿ. ಅವರನ್ನು ಕೇಳಿಕೊಳ್ಳುವ ಕೆಲಸ ನಮ್ಮದು.

ಮೂರನೆಯದು, ಊರುಗೋಲಿನ ಆ ಹುಡುಗನಂಥವರ ಬೆನ್ನಿಗೆ ನಿಲ್ಲುವದು. ಗ್ರಾಮ ಪಂಚಾಯಿತಿಗೆ ಒಬ್ಬರಂತೆ ಇಂಥ ಪುನರ್ವಸತಿ ಕಾರ್ಯಕರ್ತರನ್ನು ಸರಕಾರವು ಗೌರವಧನದ ಮೇಲೆ ಇಟ್ಟಿದೆ, ಅವರೂ ಅಂಗವಿಕಲರೇ. ಎರಡು ದಂಡೆಗಳನ್ನೂ ಬಲ್ಲವರು ಅವರೊಬ್ಬರೇ. ಆದರೆ ಶಿಬಿರದಲ್ಲಿ ಅವರಿಗೆ ಕುರ್ಚಿಯಿರುವದಿಲ್ಲ. ನಮ್ಮ ಸಭೆಗಳಿಗೆ ಅವರನ್ನು ಕರೆದು, ಮುಂದಿನ ಸಾಲಿನಲ್ಲಿ ಕೂಡ್ರಿಸಿ, ಅವರು ಕಂಡದ್ದನ್ನು ಕೇಳಿಕೊಂಡರೆ ನಮ್ಮ ಎಷ್ಟೋ ಉಪನ್ಯಾಸಗಳಿಗಿಂತ ಅದು ಹೆಚ್ಚಿನ ಸಾಹಿತ್ಯವಾದೀತು.

ಈ ಮೂರಕ್ಕೂ ಮೊದಲು ಮಾಡಬೇಕಾದದ್ದು ಒಂದಿದೆ; ಅದಕ್ಕೆ ಸಂಘದ ಠರಾವು ಬೇಕಾಗಿಲ್ಲ. ನಮ್ಮ ನಮ್ಮ ಮನೆಗಳ ಹಿತ್ತಲ ಕೋಣೆಯ ಕದವನ್ನು ತೆರೆಯುವದು. ಬರುವ ಸಭೆಗೆ ನಾನು ನನ್ನ ತಂಗಿಯನ್ನು ಕರೆದುಕೊಂಡು ಬರುವವನಿದ್ದೇನೆ. ಅವಳಿಗೆ ನಮ್ಮ ಭಾಷಣಗಳು ಕೇಳಿಸಲಾರವು. ಆದರೆ ಯಾರು ತನ್ನ ಪಕ್ಕದಲ್ಲಿ ಬಂದು ಕುಳಿತರು, ಯಾರು ಕುರ್ಚಿಯನ್ನು ದೂರ ಸರಿಸಿದರು ಎಂಬದು ಅವಳಿಗೆ ಚೆನ್ನಾಗಿ ತಿಳಿಯುವದು.